ನಮ್ಮವರಿರುವ ಆಸ್ಪತ್ರೆ

ಗೃಹಪ್ರವೇಶದ ಮರುದಿನ ಬಾಡೂಟ ಹಾಕಿಸುವುದು ನಮ್ಮ ಕಡೆಯ ಪದ್ಧತಿ. ಶಿಡ್ಲಘಟ್ಟದ ನಾದಿನಿಯ ಹೊಸ ಮನೆಯ ಹಿತ್ತಲಲ್ಲಿ ಮುದ್ದೆಗೆಂದು ದೊಡ್ಡ ಹಂಡೆಯಲ್ಲಿ ಎಸರಿಟ್ಟಿದ್ದರು. ಅದು ಕೊತಕೊತ ಕುದಿಯುವಾಗಲೇ ಒಲೆಯ ಕಲ್ಲೊಂದು ಜಾರಿ, ಅಷ್ಟೂ ನೀರು ನನ್ನ ಮೊಣಕಾಲಿನಿಂದ ಕೆಳಕ್ಕೆ ಸುರಿಯಿತು. ನಾನು ಕಿರುಚಿದ್ದು ಪಕ್ಕದ ಬೀದಿಗೂ ಕೇಳಿಸಿತಂತೆ.

ನಾದಿನಿ ದೋಸೆ ಹಿಟ್ಟಿನ ಪಾತ್ರೆಯನ್ನೇ ತಂದು ಎರಡೂ ಕಾಲಿಗೆ ಮೆತ್ತಿದಳು. ಅದರ ಮೇಲೆ ಇನ್ಯಾರೋ ಟೂತ್‌ಪೇಸ್ಟ್ ಬಳಿದರು. "ತಣ್ಣೀರು ಹಾಕ್ರೇ" ಎಂದು ನಾನು ಬೇಡಿಕೊಂಡರೆ, "ನೀರ್ ಹಾಕಿದ್ರೆ ಬೊಬ್ಬೆ ಬರ್ತದೆ, ಸುಮ್ನಿರು" ಎಂದು ನನಗೇ ಗದರಿದರು. ಒಗ್ಗರಣೆ ಹಾಕುವುದೊಂದು ಬಾಕಿಯಿತ್ತು.

ಅಷ್ಟರಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಯಾವ ಆಸ್ಪತ್ರೆಯಲ್ಲಿ ನಮ್ಮವರಿದ್ದಾರೆ? ಆಗಿರುವುದೇನೆಂದು ನೋಡಿ ಆಸ್ಪತ್ರೆ ಹುಡುಕುವ ರೂಢಿಯೇ ನಮ್ಮಲ್ಲಿಲ್ಲ. ನಾದಿನಿಗೆ ಗೌರಿಬಿದನೂರಿನಲ್ಲಿ ಒಬ್ಬ ನರ್ಸ್ ಗೊತ್ತು. ಆಕೆ ಹೆರಿಗೆ ವಾರ್ಡಿನವರು. ನನ್ನ ಗಂಡನ ಸೋದರಮಾವ ಚಿಂತಾಮಣಿಯವರು. "ನಮ್ಮೂರಿಗೆ ನಡೀರಪ್ಪ. ಅಲ್ಲಿ ಕಾಂಪೌಂಡರು ನಮ್ಮೋನೇ, ಚೀಟಿ ಇಲ್ದೆ ಒಳಕ್ಕೆ ಬಿಡ್ತಾನೆ" ಎಂದರು. ಮಾವ ಹೇಳಿದ ಮೇಲೆ ನನ್ನ ಗಂಡ ಎದುರಾಡುವವರಲ್ಲ. ಮಾವನನ್ನು ಮುಂದೆ ಕೂರಿಸಿಕೊಂಡು ಕಾರು ಚಿಂತಾಮಣಿ ರಸ್ತೆ ಹಿಡಿಯಿತು.

ಊರು ದಾಟುವಾಗ ಪಾದದ ಉರಿ ನಿಂತಿತು. "ನೋಡ್ದಾ, ದೋಸೆ ಹಿಟ್ಟು ಹೆಂಗ್ ಕೆಲ್ಸ ಮಾಡ್ತು!" ಎಂದು ಮಾವ ಹಿಗ್ಗಿದರು. ನಾನು ಬಗ್ಗಿ ಪಾದ ಮುಟ್ಟಿ ನೋಡಿದೆ. ಮುಟ್ಟಿದ್ದೇ ಗೊತ್ತಾಗಲಿಲ್ಲ. ಕಾಲು ಹೋಯಿತೆಂದು ಹೆದರಿದೆ.

"ಗಾಡಿ ತಿರುಗ್ಸ್ರೀ! ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ನಡೀರಿ. ಇಲ್ದಿದ್ರೆ ಇಲ್ಲೇ ಇಳ್ದು ಹೋಗ್ತೀನಿ" ಎಂದು ಕೂಗಿದೆ. ಯಾವ ಕಾಲಿನಲ್ಲಿ ಹೋಗುತ್ತಿದ್ದೆನೋ! ಮದುವೆಯಾದ ಮೇಲೆ ಮೊದಲ ಸಲ ನನ್ನ ಗಂಡ ಮಾವನ ಮಾತು ಮೀರಿ ಕಾರು ತಿರುಗಿಸಿದರು.

ಅಲ್ಲಿನ ಡಾಕ್ಟರಮ್ಮ ಹಿಟ್ಟನ್ನೆಲ್ಲ ತೊಳೆಸಿ, ಡ್ರಿಪ್ ಹಾಕಿಸಿ, ಬೆಂಗಳೂರಿನ ಸುಟ್ಟಗಾಯದ ವಾರ್ಡಿಗೆ ತಾವೇ ಫೋನ್ ಮಾಡಿ ಆಂಬುಲೆನ್ಸ್ ಕರೆಸಿದರು. ಮಾವನಿಗೆ ಅದು ಅವಮಾನವೆನಿಸಿತು. "ಬಂದೋರನ್ನ ಅಡ್ಮಿಟ್ ಮಾಡ್ಕೊಳ್ದೆ ಸಾಗಹಾಕ್ತೀರಲ್ಲ ತಾಯಿ!"

"ಇಲ್ಲೇ ಇಟ್ಕೊಂಡ್ರೆ ದಿನ ಹಾಳಾಗುತ್ತೆ. ಕೀವಾದ್ರೆ ಕಾಲು ಉಳಿಯಲ್ಲ. ಚರ್ಮ ಹಾಕೋ ಕಡೆ ಇವತ್ತೇ ಹೋಗ್ಬೇಕು" ಎಂದರು ಆಕೆ.

ಆಂಬುಲೆನ್ಸಿನಲ್ಲಿ ಕೂತೂ ಮಾವ ದಾರಿಯುದ್ದಕ್ಕೂ ಫೋನಿನಲ್ಲಿ ನಮ್ಮವರನ್ನು ಹುಡುಕಿದರು. ಕೊನೆಗೆ ಸಿಕ್ಕವರು ಬೆಂಗಳೂರಿನ ಆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇಡ್ಲಿ ಬೇಯಿಸುವವರು. ಸುಳ್ಳು ಹೇಳಬಾರದು, ಅಲ್ಲಿದ್ದಷ್ಟು ದಿನವೂ ಬಿಸಿ ಇಡ್ಲಿಗೆ ಕೊರತೆಯಾಗಲಿಲ್ಲ.

ತೊಡೆಯ ಚರ್ಮ ತೆಗೆದು ಕಾಲಿಗೆ ಹಾಕಿದರು. ನಾನು ಮೊದಲ ಸಲ ಎದ್ದು ವಾರ್ಡಿನ ಬಾಗಿಲವರೆಗೆ ನಡೆದ ದಿನ ಮಾವ ಬಂದಿದ್ದರು. ನನಗೆ ಅವರ ಮೇಲಿನ ಸಿಟ್ಟು ಇಳಿದಿರಲಿಲ್ಲ. ಚುಚ್ಚಿ ಆಡಲು ಮಾತು ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವರು ನನ್ನ ಪಾದಗಳನ್ನೇ ನೋಡುತ್ತ ನಿಂತು, "ಅಯ್ಯೋ ದೇವುಡಾ, ನಾನ್ ಹೇಳಿದ್ ಕಡೆ ಹೋಗಿದ್ರೆ ಈ ಕಾಲು ಇರ್ತಿರ್ಲಿಲ್ಲ ಕಣಮ್ಮ" ಎಂದು ಎಲ್ಲರೆದುರು ಅತ್ತೇಬಿಟ್ಟರು. ವಾಪಸ್ ಹಾಸಿಗೆಯವರೆಗೆ ಅವರ ಹೆಗಲು ಹಿಡಿದುಕೊಂಡೇ ನಡೆದೆ.