ಜೋಳ ತಿಂದ ಎಲುಬು

ಎಂಬತ್ತರ ದಶಕದಲ್ಲಿ ಹುನಗುಂದದ ಆಚೆ, ಬಂಡೆ ಹೊದಿಸಿದ್ದ ಹಳೇ ಗೋರಿಗಳನ್ನು ಸಂಶೋಧನೆಗೆಂದು ಅಗೆಯುವ ಕೆಲಸಕ್ಕೆ ಹೋಗುತ್ತಿದ್ದೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೆ ಅಲ್ಲಿ ನನ್ನಷ್ಟು ನೀಟಾಗಿ ಮಣ್ಣು ಬಿಡಿಸುವವರು ಯಾರೂ ಇರಲಿಲ್ಲ. ಹಾಗೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಒಂದು ಮುಂಜಾನೆ ತಲೆಬುರುಡೆಯೂ ತೊಡೆಯ ಎಲುಬೂ ಕಂಡವು. ಕೆಲಸ ನಡೆಸುತ್ತಿದ್ದ ಧಾರವಾಡದ ಪ್ರೊಫೆಸರಮ್ಮ, ನಾವು ಬಾಯಾರು ಅನ್ನುತ್ತಿದ್ದವರು, ಕುಣಿಯ ಅಂಚಿಗೆ ಕುಳಿತು ನಮಗೆ ತಿಳಿಸಿ ಹೇಳಿದರು. ತಿಂದ ಕಾಳು ಎಲುಬಿನಲ್ಲಿ ಗುರುತು ಬಿಡುತ್ತದಂತೆ. ಇಂಗಾಲದಲ್ಲೇ ಒಂದು ಹಗುರ, ಇನ್ನೊಂದು ಚೂರು ಭಾರ, ಐಸೊಟೋಪ್ ಅನ್ನುತ್ತಾರೆ. ಜೋಳ, ಸಜ್ಜೆ, ನವಣೆ ತಿಂದವರಲ್ಲಿ ಭಾರದ್ದು ತುಸು ಹೆಚ್ಚು, ಅಕ್ಕಿ ಗೋದಿ ತಿಂದವರಲ್ಲಿ ಕಡಿಮೆ. ಒಂದು ತುಂಡನ್ನು ಹೊರದೇಶಕ್ಕೆ ಕಳಿಸಿ ಅಳೆಸುತ್ತೇನೆ, ಯಾರೂ ಮುಟ್ಟಬೇಡಿ ಅಂದರು.

ಈ ಮನುಷ್ಯ ರೊಟ್ಟಿಯವನೋ ಅನ್ನದವನೋ ಎಂಬುದು ಆವಾಗಿನಿಂದ ನನ್ನ ತಲೆ ಹೊಕ್ಕಿತು. ಬುತ್ತಿ ಉಣ್ಣುವಾಗಲೂ ಅದೇ ವಿಚಾರ.

ಉಂಡು ಬಂದು ನೋಡಿದರೆ ಬುರುಡೆಯ ಹಣೆಗೆ ಮೂರು ಬಿಳಿ ಗೆರೆ! ಬುಟ್ಟಿ ಹೊರುತ್ತಿದ್ದ ಮುದುಕರು, ನಾವೆಲ್ಲ ಕಾಕಾ ಅನ್ನುತ್ತಿದ್ದವರು, ವಿಭೂತಿ ತೇಯ್ದು ಹಚ್ಚಿದ್ದರು. ಉಳಿದದ್ದನ್ನು ತೊಡೆಯ ಎಲುಬಿಗೂ ಸವರಿದ್ದರು.

“ಸುಟ್ಟಿಲ್ಲ, ಹೂಳ್ಯಾರ. ನಮ್ಮಾವನ, ಲಿಂಗವಂತನ ಇರಬೇಕು. ಬರೇ ಹಣಿಲೇ ಹೆಂಗ ಬಿಡೂದು?”

ಬಸವಣ್ಣನವರಿಗಿಂತ ಎಷ್ಟೋ ಮೊದಲಿನವನು ಇವನು ಎಂದು ಬಾಯಾರು ಹೇಳಿದರೂ ಕಾಕಾ ಜಗ್ಗಲಿಲ್ಲ. ಬಾಯಾರಿಗೆ ಸಿಟ್ಟೂ ಬಂತು, ನಗುವೂ ಬಂತು.

“ವಿಭೂತಿ ಅಂದ್ರ ಸಗಣಿ ಬೂದಿ, ಕಾಕಾ. ಆಕಳ ತಿಂದದ್ದೂ ಜ್ವಾಳದ ಕಣಿಕಿನ. ಇನ್ನ ಎಲುವು ಜ್ವಾಳ ಅಂದ್ರ, ಇವ ಅಂದನೋ, ನಿಮ್ಮ ಆಕಳ ಅಂತೋ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

“ಇನ್ನೊಂದು ಕಾಲು ಮಣ್ಣಾಗ ಐತ್ರಿ ಬಾಯಾರ. ನಾ ತೆಗಿತೇನಿ.”

ಬಿದಿರಿನ ಚಕ್ಕೆ, ಕುಂಚ ಹಿಡಿದು ಸಂಜೆತನಕ ಕುಳಿತೆ. ಎಲುಬಿಗೆ ನನ್ನ ಬೆವರೂ ಬೀಳಗೊಡಲಿಲ್ಲ. ಕೈ ಹಿಂದೆ ಕಟ್ಟಿಕೊಳ್ಳಿರಿ ಎಂದು ಕಾಕಾನಿಗೆ ತಾಕೀತು ಮಾಡಿದ್ದೆ. ಪಾಪ, ಹಾಗೇ ನಿಂತಿದ್ದರು.

ಮುಂದಿನ ಚಳಿಗಾಲಕ್ಕೆ ಬಾಯಾರು ಉತ್ತರ ತಂದರು. ಜೋಳದ ಜಾತಿಯ ಕಾಳೇ ಹೆಚ್ಚು. ಜೋಳವೋ, ಸಜ್ಜೆಯೋ, ನವಣೆಯೋ ಎಂಬುದನ್ನು ಎಲುಬು ಹೇಳುವುದಿಲ್ಲ. “ನಮ್ಮಾವನ ಅಂದಿದ್ದಿಲ್ಲೇನು?” ಅಂದರು ಕಾಕಾ.

ನನಗೆ ಬೇರೆಯೇ ಹುಳ ಕೊರೆಯುತ್ತಿತ್ತು. ಗೋವಾದ ಬಂದರಿನಲ್ಲಿ ದುಡಿಯುವಾಗ ವರ್ಷಗಟ್ಟಲೆ ಅನ್ನ ಉಂಡವನು ನಾನು; ನನ್ನ ಎಲುಬು ಏನು ಹೇಳೀತು ಎಂದು ಕೇಳಿದೆ. ಎರಡನ್ನೂ ಬೆರೆಸಿ ಹೇಳುತ್ತದೆ ಅಂದರು ಬಾಯಾರು.

ಕಾಕಾ ತಮ್ಮ ಬುತ್ತಿ ಬಿಚ್ಚಿ ಒಂದು ಜೋಳದ ರೊಟ್ಟಿ ತೆಗೆದು ನನ್ನ ಕೈಗಿಟ್ಟರು.

“ತಿನ್ನಲೇ ತಮ್ಮಾ. ಇನ್ನೂ ವ್ಯಾಳ್ಯಾ ಐತಿ.”