ನಕ್ಷೆಯ ಮೇಲೆ ತಂಗಿ

ನಮ್ಮ ಓಣಿಯಲ್ಲಿ ಅವನ ನಿಜವಾದ ಹೆಸರು ಯಾರ ಬಾಯಲ್ಲೂ ಇಲ್ಲ. ಎಲ್ಲರಿಗೂ ಅವನು ಬೋನಣ್ಣ. ಪಕ್ಕದ ಮನೆಯವಳಾದ ನಾನೂ ಹಾಗೇ ಕರೆಯುವುದು. ಕೆರೆಯ ದಂಡೆಯಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿವೆ. ಆ ಮೊಟ್ಟೆಗಳನ್ನು ಹೆಗ್ಗಣಗಳು ಉಳಿಸುವುದಿಲ್ಲ. ಹೆಗ್ಗಣಕ್ಕೆ ಬೋನಿಡುವುದು, ಬಿದ್ದದ್ದನ್ನು ಹಕ್ಕಿ ಸಂರಕ್ಷಣೆಯ ಕಚೇರಿಯವರು ಫೋನಿಗೆ ಹಾಕಿಕೊಟ್ಟ ಆ್ಯಪ್‌ನಲ್ಲಿ ದಾಖಲಿಸುವುದು ಅವನ ಕೆಲಸ.

ಆ್ಯಪ್‌ನಲ್ಲಿ ಪ್ರತಿ ಬೋನಿಗೂ ಒಂದು ಹೆಸರು ಕೊಡಬೇಕು. ಬೇರೆಯವರು ಅಂಕಿ ಹಾಕಿಕೊಂಡರು. ಇವನು ನೆಂಟರನ್ನೆಲ್ಲ ಕರೆತಂದ: ಅತ್ತೆ, ದೊಡ್ಡಪ್ಪ, ಚಿಕ್ಕಮ್ಮ, ಭಾವ. ಸಂಜೆ ಕಟ್ಟೆಯ ಮೇಲೆ ಕೂತು, ಅತ್ತೆ ಇವತ್ತೂ ಒಂದನ್ನು ಹಿಡಿದಳು, ಭಾವ ಎಂದಿನಂತೆ ಖಾಲಿ ಕೈ ಎಂದು ವರದಿ ಒಪ್ಪಿಸಿದರೆ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಭಾವ ಎಂದರೆ ಅವನ ತಂಗಿಯ ಗಂಡ. ಬಂದಾಗ ಅವನೂ ನಗುತ್ತಿದ್ದ. ಆ ನಗುವನ್ನು ನಂಬಿದ್ದೆವಲ್ಲ ಎಂದು ನನಗೆ ಈಗಲೂ ಮೈಯುರಿಯುತ್ತದೆ.

ಆ ಮನುಷ್ಯ ಹೆಂಡತಿಯ ಮೇಲೆ ಕೈ ಮಾಡುತ್ತಿದ್ದ. ಸಹಿಸಿ ಸಹಿಸಿ ಸಾಕಾಗಿ ಅವಳು ಉಟ್ಟ ಬಟ್ಟೆಯಲ್ಲೇ ಬಂದುಬಿಟ್ಟಳು. ಅಣ್ಣನ ಮನೆಗೇ ಅವನು ಮೊದಲು ಹುಡುಕಿಕೊಂಡು ಬರುತ್ತಾನೆಂದು ಬೋನಣ್ಣ ಊರಿನ ಇನ್ನೊಂದು ತುದಿಯಲ್ಲಿ, ಟೈಲರ್ ಅಂಗಡಿಯ ಮೇಲೆ, ಒಂದು ಕೋಣೆ ಹಿಡಿದುಕೊಟ್ಟ. ನನಗೊಬ್ಬಳಿಗೇ ಹೇಳಿದ್ದ. ಭಾವ ಬಂದ, ಮನೆಯೆಲ್ಲ ಜಾಲಾಡಿದ. ಬೋನಣ್ಣ ತುಟಿ ಬಿಚ್ಚಲಿಲ್ಲ.

ತಂಗಿ ಅಲ್ಲಿ ಮೆಲ್ಲಗೆ ಚೇತರಿಸಿಕೊಂಡಳು. ಕೆಳಗಿನ ಅಂಗಡಿಯ ಬಟ್ಟೆಗಳಿಗೆ ಹುಕ್ಕು ಹಾಕಿಕೊಡುತ್ತಿದ್ದಳು. ಇಲಿಗಳ ಕಾಟವೊಂದೇ. ಅಣ್ಣ ಕೆರೆಯಿಂದ ಒಂದು ಬೋನು ತಂದು ಅವಳ ಒಲೆಯ ಪಕ್ಕ ಇಟ್ಟ. ಜಾಗ ಬದಲಿಸಿದ ಬೋನನ್ನು ದಾಖಲಿಸದಿದ್ದರೆ ಕಚೇರಿಯವರು ಅದೆಲ್ಲಿ ಹೋಯಿತೆಂದು ಕೇಳುತ್ತಾರೆ. ರೂಢಿಯಂತೆ ಕೈ ಓಡಿತು. ಫೋನು ತಾನೇ ಜಾಗ ಗುರುತಿಸಿಕೊಂಡು ಆ್ಯಪ್‌ನ ನಕ್ಷೆಯಲ್ಲಿ ಒಂದು ಚುಕ್ಕೆ ಇಟ್ಟಿತು. ಹೆಸರಿನ ಜಾಗದಲ್ಲಿ ಅವನು ತಂಗಿ ಎಂದು ಬರೆದ.

ಆ ನಕ್ಷೆ ಕಚೇರಿಯವರಿಗಷ್ಟೇ ಕಾಣುತ್ತದೆ ಎಂದುಕೊಂಡಿದ್ದ. ಅದನ್ನು ಯಾರು ಬೇಕಾದರೂ ನೋಡಬಹುದಿತ್ತು. ಉಳಿದ ಚುಕ್ಕೆಗಳೆಲ್ಲ ಕೆರೆಯ ಸುತ್ತ. ಒಂದು ಮಾತ್ರ ಪೇಟೆಯ ಗಲ್ಲಿಯಲ್ಲಿ. ನೆಂಟರ ತಮಾಷೆ ಗೊತ್ತಿದ್ದ ಭಾವನಿಗೆ ಇನ್ನೇನು ಬೇಕು?

ಮಟಮಟ ಮಧ್ಯಾಹ್ನ ಅವನು ಅವಳ ಬಾಗಿಲು ಒದ್ದ. ಚಿಲಕ ಕಿತ್ತು ಬರುವಷ್ಟರಲ್ಲಿ ಟೈಲರ್ ಕತ್ತರಿ ಹಿಡಿದೇ ಮೆಟ್ಟಿಲೇರಿದ, ಜನ ಸೇರಿದರು. ಹೋಗುವಾಗ ಅವನು ಫೋನು ಎತ್ತಿ ತೋರಿಸಿ, ನಿನ್ನ ಅಣ್ಣನೇ ದಾರಿ ತೋರಿಸಿದ ಎಂದನಂತೆ.

ಬೋನಣ್ಣ ಕಚೇರಿಗೆ ಓಡಿದ. ಅಲ್ಲಿನ ಹುಡುಗಿ ಗಾಬರಿಯಿಂದ ಖಾಸಗಿ ಎಂಬ ಗುಂಡಿ ಒತ್ತಿದಳು, ಚುಕ್ಕೆ ಮಾಯವಾಯಿತು. ಇಷ್ಟೇನಾ ಎಂದು ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟನಂತೆ. ಆ್ಯಪ್ ಕೊಟ್ಟ ದಿನ ಆ ಗುಂಡಿಯ ಸುದ್ದಿ ಯಾರೂ ಎತ್ತಿರಲಿಲ್ಲ. ಅವತ್ತು ಅವರ ಬಾಯಿಗೇನಾಗಿತ್ತು?

ಮರುದಿನ ನಾವು ಹೋದಾಗ ತಂಗಿ ಬಟ್ಟೆ ಗಂಟು ಕಟ್ಟುತ್ತಿದ್ದಳು. ಎಲ್ಲಿಗೆ ಎಂದು ಅಣ್ಣ ಕೇಳಿದ.

"ನಿನ್ ಮೇಲೆ ಸಿಟ್ಟಿಲ್ಲ ಅಣ್ಣ," ಎಂದಳು. "ಆದ್ರೆ ಈ ಸಲ ನಿಂಗೂ ಹೇಳಲ್ಲ."

ಬಸ್ಸಿನವರೆಗಾದರೂ ಗಂಟು ಹೊರುತ್ತೇನೆಂದು ಅವನು ಕೈ ಚಾಚಿದ. ಯಾವ ಬಸ್ಸೆಂದು ಗೊತ್ತಾಗುತ್ತದೆಂದು ಅವಳು ಅದನ್ನೂ ಬೇಡವೆಂದಳು.

ಈಗಲೂ ಅವನು ಬೋನಿಡುತ್ತಾನೆ. ಹೆಸರುಗಳೆಲ್ಲ ಹೋಗಿ ಬರೀ ಅಂಕಿಗಳಿವೆ. ಸಂಜೆ ಕಟ್ಟೆಗೆ ಬರುವುದಿಲ್ಲ. ತಂಗಿ ಎಲ್ಲಿದ್ದಾಳೆಂದು ಭಾವನಿಗೆ ಗೊತ್ತಿಲ್ಲ. ಅಣ್ಣನಿಗೂ ಗೊತ್ತಿಲ್ಲ.