ಒಂದು ಮನೆ, ಎರಡು ಒಲೆ

ಎರಡು ಸಾವಿರದ ಇಸವಿಯ ಆಚೀಚೆ ಮುಂಡಗೋಡದ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿತು. ರೇಷನ್ ಕಾರ್ಡುಗಳ ವಿವರವನ್ನು ಕಂಪ್ಯೂಟರಿಗೆ ಏರಿಸುವುದು. ಮನೆಯ ನಂಬರು, ಊರು, ಯಜಮಾನನ ಹೆಸರು ಪ್ರತಿಯೊಬ್ಬರ ಮುಂದೆಯೂ ಮತ್ತೆ ಮತ್ತೆ ಬರುತ್ತಿದ್ದವು. ನನ್ನ ಕಣ್ಣಿಗೆ ಅದು ಹೊಲಸು. ಆರು ತಿಂಗಳ ಡೇಟಾಬೇಸ್ ಕೋರ್ಸಿನ ಜಾಣತನ ನೆತ್ತಿಗೇರಿತ್ತು. ಆ ವಿವರಗಳ ಟೇಬಲ್ಲನ್ನು, ಅಂದರೆ ಪಟ್ಟಿಯನ್ನು, ಎರಡಾಗಿ ಒಡೆದೆ. ಒಂದರಲ್ಲಿ ಮನೆ ನಂಬರಿನ ಮುಂದೆ ಯಜಮಾನ, ಒಮ್ಮೆ ಮಾತ್ರ. ಇನ್ನೊಂದರಲ್ಲಿ ಮನೆಯ ಜನ. ಮನೆಗೊಬ್ಬನೇ ಯಜಮಾನ, ಒಂದೇ ಕಾರ್ಡು. ಇದು ನನ್ನ ನಿಯಮ.

ನಿಯಮಕ್ಕೆ ಬಹುಪಾಲು ಮನೆಗಳು ಒಪ್ಪಿದವು. ಹತ್ತಿರದ ಮಳಗಿ ಊರಿನ ಕಡೆಯ ಕೆಲವು ಒಪ್ಪಲಿಲ್ಲ. ಅಲ್ಲಿ ಅತ್ತೆ ಸೊಸೆಗೆ ಆಗದಿದ್ದರೆ ಯಾರೂ ಮನೆ ಬಿಡುವುದಿಲ್ಲ, ಅತ್ತೆ ಹಿತ್ತಲಲ್ಲಿ ಬೇರೆ ಒಲೆ ಹೂಡುತ್ತಾಳೆ. ನಂಬರು ಒಂದೇ, ಕಾರ್ಡು ಎರಡು. ಇಂಥವನ್ನು ಬೇರೊಂದು ಸಣ್ಣ ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕೆಂದು ಕೋರ್ಸಿನಲ್ಲಿ ಕಲಿಸಿದ್ದರು. ಒಂದು ಮಧ್ಯಾಹ್ನದ ಕೆಲಸ ಅದು. ನಾನು ಅವನ್ನೆಲ್ಲ ತಪ್ಪು ಎಂದು ತೀರ್ಮಾನಿಸಿ, ಎರಡನೆಯ ಕಾರ್ಡು ಅಳಿಸಿ, ಮುದುಕಿಯರನ್ನು ಮಕ್ಕಳ ಕಾರ್ಡಿಗೆ ಸೇರಿಸಿದೆ.

ಎರಡು ತಿಂಗಳಿಗೆ ಅವರಲ್ಲೊಬ್ಬಳು ಖಾಲಿ ಚೀಲ ಹಿಡಿದು ನಮ್ಮ ಕಂಪ್ಯೂಟರ್ ಅಂಗಡಿಗೇ ಬಂದಳು.

“ಅಕ್ಕಿ ಕೊಡವಲ್ರು, ಯವ್ವಾ. ನನ್ನ ಒಲಿ ಬ್ಯಾರೆ ಐತಿ. ಸೊಸಿ ಮುಂದ ಕೈ ಒಡ್ಡೂ ಹಂಗ ಮಾಡಬ್ಯಾಡ.”

“ಕಂಪ್ಯೂಟರ್ ಒಲಿ ಎಣಸಂಗಿಲ್ಲ ಆಯಿ, ಮನಿ ಎಣಸ್ತೈತಿ,” ಎಂದೆ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆ ನಗು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ. ಒಂದು ಸಾಲು ಸೇರಿಸಿದ್ದರೆ ಆಕೆಯ ಅಕ್ಕಿ ಬರುತ್ತಿತ್ತು, ನನ್ನ ಟೇಬಲ್ಲು ಕೆಡುತ್ತಿತ್ತು. ಟೇಬಲ್ಲು ಕೆಡಲು ನಾನು ಬಿಡಲಿಲ್ಲ. ಆಕೆ ಚೀಲ ಮಡಚಿಕೊಂಡು ಹೋದಳು.

ಮರುವರ್ಷ ಪಟ್ಟಿ ತಾಳೆ ನೋಡಲು ಮಳಗಿಗೆ, ಆ ಮುದುಕಿಯ ಮನೆಗೂ ಹೋದೆ. ಹಿತ್ತಲಲ್ಲಿ ಒಲೆ ಇರಲಿಲ್ಲ, ಆ ಜಾಗದಲ್ಲಿ ಕಟ್ಟಿಗೆ ಒಟ್ಟಿದ್ದರು.

“ಸರಕಾರದಾಗ ಒಂದ ಮನಿ ಅಂತ ಬಂತಲ್ರಿ, ಕೆಡವಿ ಒಗದಿವಿ,” ಎಂದಳು ಸೊಸೆ, ಹಿಗ್ಗಿನಿಂದ.

ಎಲ್ಲರ ಊಟವೂ ಮುಗಿದಿತ್ತು. ಉಳಿದದ್ದನ್ನು ಮುದುಕಿ ಬಾಗಿಲಾಚೆ ಕೂತು ಉಣ್ಣುತ್ತಿದ್ದಳು. ನನ್ನ ಗುರುತು ಹಿಡಿದು ತಾಟಿನ ಮೇಲೆ ಸೆರಗು ಎಳೆದುಕೊಂಡಳು.

“ಈಗ ನಿನ್ನ ಕಂಪ್ಯೂಟರಿಗೆ ಸಮ ಆತೇನ, ಯವ್ವಾ?”

ಸಮವಾಗಿತ್ತು. ಆ ಮನೆಯಲ್ಲೀಗ ನನ್ನ ನಿಯಮ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಹಾಳೆಯ ಮೇಲೆ ಸರಿ ಗುರುತು ಹಾಕಿ ಮುಂದಿನ ಮನೆಗೆ ನಡೆದೆ.